ಹಿಂದ್‌ಮೋಟರ್: ಕಾರ್ಖಾನೆ ನಿಂತ ಮೇಲೆ ಉಳಿದ ಊರು

ಹೌರಾದಿಂದ ಬರ್ಧಮಾನ್ ಕಡೆಗೆ ಹೊರಡುವ ಮೇನ್ ಲೈನ್ ಲೋಕಲ್ ರೈಲು ಲಿಲುವಾ, ಬೇಲೂರು (ನಮ್ಮ ಹಾಸನದ ಬೇಲೂರಲ್ಲ, ರಾಮಕೃಷ್ಣ ಮಠದ ಬೇಲೂರು), ಬಾಲಿ, ಉತ್ತರಪಾಡಾಗಳನ್ನು ದಾಟಿದ ಮೇಲೆ ಹಿಂದ್‌ಮೋಟರ್ ಎಂಬ ನಿಲ್ದಾಣದಲ್ಲಿ ನಿಲ್ಲುತ್ತದೆ. ಮುಂದಿನವು ಕೊನ್ನಗರ, ರಿಷ್ರಾ, ಶ್ರೀರಾಂಪುರ. ಕನ್ನಡ ಮುದ್ರಣದ ಚರಿತ್ರೆ ಓದಿದವರಿಗೆ ಈ ದಾರಿ ತೀರಾ ಹೊಸದಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಶ್ರೀರಾಂಪುರದಲ್ಲೇ. ಗಂಗೆಯ ಬಲದಂಡೆಯ ಈ ಹಳೆಯ ಊರುಗಳ ಸಾಲಿನಲ್ಲಿ ಹಿಂದ್‌ಮೋಟರ್ ಒಂದಕ್ಕೆ ಮಾತ್ರ ಕಂಪನಿಯ ಹೆಸರು. ಹಿಂದೂಸ್ತಾನ್ ಮೋಟರ್ಸ್ ಎಂಬ ಕಾರು ಕಾರ್ಖಾನೆಯಿಂದ ನಿಲ್ದಾಣಕ್ಕೆ ಆ ಹೆಸರು ಬಂತು, ನಿಲ್ದಾಣದಿಂದ ಸುತ್ತಲಿನ ವಸತಿಗೂ ಅಂಟಿತು. ಕಾರ್ಖಾನೆಯಲ್ಲಿ ಕೆಲಸ ನಿಂತದ್ದು 2014ರ ಮೇ 24ರಂದು. ಹೆಸರು ಹಾಗೇ ಇದೆ.

ಈ ಕಾರ್ಖಾನೆಯ ಗುರುತುಗಳು ಎಲ್ಲೆಲ್ಲಿ ಉಳಿದಿವೆ, ಯಾವ ರೂಪದಲ್ಲಿ ಉಳಿದಿವೆ ಎಂಬುದನ್ನು ಹುಡುಕುವುದು ಈ ಟಿಪ್ಪಣಿಯ ಕೆಲಸ. ಹುಡುಕಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಅಂಬಾಸಿಡರ್ ಕಾರೇ. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. 2014ರ ಮೇ ಕೊನೆಯಲ್ಲಿ ಇಂಗ್ಲಿಷ್ ಪತ್ರಿಕೆಗಳೂ ಭಾಷಾ ಪತ್ರಿಕೆಗಳೂ ಕಾರಿಗೆ ಶ್ರದ್ಧಾಂಜಲಿ ಬರೆದವು. ಆದರೆ ಅವುಗಳಲ್ಲಿ ಬಹುಪಾಲು ಹಿಂದಿನ ಸೀಟಿನಲ್ಲಿ ಕೂತು ಬರೆದಂಥವು: ಮಂತ್ರಿ, ಕಲೆಕ್ಟರು, ಮದುವೆ ದಿಬ್ಬಣ, ಅಜ್ಜನ ಮನೆಗೆ ಹೋದ ರಜೆ. ಕಾರಿನ ನೆನಪು ಇಷ್ಟು ದಟ್ಟವಾಗಿರುವುದರಿಂದಲೇ ಕಾರ್ಖಾನೆಯ ನೆನಪು ತೆಳುವಾಯಿತು ಎಂಬುದು ನನ್ನ ವಾದ. ಅದು ಉಳಿದಿದ್ದರೆ ಉಳಿದಿರುವುದು ರೈಲು ನಿಲ್ದಾಣದ ಫಲಕದಲ್ಲಿ, ಜಮೀನಿನ ದಾಖಲೆಗಳಲ್ಲಿ ಮತ್ತು ಕಾರ್ಮಿಕ ಕಾನೂನಿನ ಒಂದು ಸಂದಿಯಲ್ಲಿ.

ಮೊದಲು ಹುಟ್ಟಿನ ವಿಷಯ. ಹಿಂದೂಸ್ತಾನ್ ಮೋಟರ್ಸ್ ಬಿರ್ಲಾ ಮನೆತನದ ಕಂಪನಿ. 1942ರಲ್ಲಿ ಅದು ಶುರುವಾದದ್ದು ಬಂಗಾಳದಲ್ಲಲ್ಲ, ಸೌರಾಷ್ಟ್ರದ ತುದಿಯ ಓಖಾ ಬಂದರಿನಲ್ಲಿ. ಹಡಗಿನಲ್ಲಿ ಬಂದಿಳಿದ ಮಾರಿಸ್ ಕಾರಿನ ಭಾಗಗಳನ್ನು ಅಲ್ಲಿ ಜೋಡಿಸುತ್ತಿದ್ದರು. 1948ರಲ್ಲಿ ಕೆಲಸ ಉತ್ತರಪಾಡಾಕ್ಕೆ, ಇಂದಿನ ಹಿಂದ್‌ಮೋಟರ್ ಇರುವಲ್ಲಿಗೆ, ಬಂತು. ಹಿಂದೂಸ್ತಾನ್ 10, ಹಿಂದೂಸ್ತಾನ್ 14, ಲ್ಯಾಂಡ್‌ಮಾಸ್ಟರ್ ಎಂದು ಮಾರಿಸ್ ಕಂಪನಿಯ ಒಂದೊಂದೇ ಮಾದರಿ ದಾಟಿ, 1957-58ರ ಹೊತ್ತಿಗೆ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚಿನಲ್ಲಿ ಅಂಬಾಸಿಡರ್ ಹೊರಬಂತು. ಇಂಗ್ಲೆಂಡಿನಲ್ಲಿ ಆ ಮಾದರಿಯ ಆಯುಸ್ಸು ಕೆಲವೇ ವರ್ಷ. ಇಲ್ಲಿ ಅದರ ಮೈಕಟ್ಟು ಅರ್ಧ ಶತಮಾನಕ್ಕೂ ಮೀರಿ ನಡೆಯಿತು.

‘ಟೊಯೋಟಾ ಬಿಟ್ಟರೆ ಏಷ್ಯಾದ ಅತಿ ಹಳೆಯ ಕಾರು ಕಾರ್ಖಾನೆ’ ಎಂಬ ಹೊಗಳಿಕೆ ಈ ಜಾಗದ ಬಗ್ಗೆ ಬರೆದ ಎಲ್ಲರ ಲೇಖನದಲ್ಲೂ ಬರುತ್ತದೆ. ಇದನ್ನು ಎಚ್ಚರದಿಂದ ಓದಬೇಕು. ಲೆಕ್ಕ 1942ರಿಂದ ಎಂದರೆ ಅದು ಓಖಾದ ಲೆಕ್ಕ. ಉತ್ತರಪಾಡಾದ್ದು ಆರು ವರ್ಷ ಕಿರಿಯದು. ಬರೀ ಜೋಡಣೆಯನ್ನೂ ಲೆಕ್ಕಕ್ಕೆ ಹಿಡಿದರೆ ಜನರಲ್ ಮೋಟರ್ಸ್ 1928ರಲ್ಲೇ ಮುಂಬಯಿಯಲ್ಲಿ ಕಾರು ಜೋಡಿಸುತ್ತಿತ್ತು. ಪೂರ್ತಿ ತಯಾರಿಕೆ ಎಂದರೆ ಉತ್ತರಪಾಡಾ ಕೂಡ ಮೊದಮೊದಲು ಆ ಮಟ್ಟ ಮುಟ್ಟಿರಲಿಲ್ಲ. ಹೊಗಳಿಕೆ ಸುಳ್ಳೆಂದು ತಳ್ಳಿಹಾಕುವುದಕ್ಕಿಂತ, ನಿಂತುಹೋದ ಕಾರ್ಖಾನೆಯ ಸುತ್ತ ಇಂಥ ಹಿರಿಮೆಯ ಮಾತು ಗಟ್ಟಿಯಾಗುವುದನ್ನೇ ಒಂದು ಕುರುಹೆಂದು ಗಮನಿಸುವುದು ಲೇಸು.

ಇಲ್ಲಿ ಕನ್ನಡಿಗರಿಗೆ ಸಂಬಂಧಿಸಿದ ಇನ್ನೊಂದು ಎಳೆಯಿದೆ. ಭಾರತದಲ್ಲಿ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಪಟ್ಟು ಹಿಡಿದು ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯ. ದಿವಾನಗಿರಿ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು, ವಯಸ್ಸು ಎಪ್ಪತ್ತು ದಾಟಿತ್ತು. 1935ರಲ್ಲಿ ಯುರೋಪು, ಅಮೆರಿಕಗಳಿಗೆ ಹೋಗಿ ಅಲ್ಲಿನ ಕಾರು ಕಾರ್ಖಾನೆಗಳನ್ನು ನೋಡಿಬಂದು ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಕಾರ್ಖಾನೆಯನ್ನು ಬೆಂಗಳೂರಿಗೆ ತರುವ ಮಾತುಕತೆ ನಡೆಯಿತು, ಮೈಸೂರು ಸರ್ಕಾರ ಕೈಜೋಡಿಸಲು ಸಿದ್ಧವಿತ್ತು. ಬ್ರಿಟಿಷ್ ಭಾರತ ಸರ್ಕಾರ ಯುದ್ಧದ ನೆಪ ಒಡ್ಡಿ ಅಡ್ಡಗಾಲು ಹಾಕಿತು. ಅದೇ ವಾಲ್‌ಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ಪಾಲುದಾರಿಕೆಯಲ್ಲಿ ಬೆಂಗಳೂರಿಗೆ ತಂದದ್ದು ವಿಮಾನ ಕಾರ್ಖಾನೆಯನ್ನು, ಇಂದಿನ ಎಚ್‌ಎಎಲ್. ಕಾರು ಅವರ ಪಾಲಿಗೆ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆಗಿ ಆಮೇಲೆ ಕೈಗೂಡಿತು. ಬೆಂಗಳೂರಿನ ಯೋಜನೆ ಫಲಿಸಿದ್ದರೆ ಏನಾಗುತ್ತಿತ್ತು ಎಂಬ ಊಹೆ ಸಂಶೋಧಕರ ಕೆಲಸವಲ್ಲ. ಆದರೆ ದೇಶದ ಕಾರು ಉದ್ಯಮದ ಚರಿತ್ರೆಯನ್ನು ಬಿರ್ಲಾ ಮತ್ತು ವಾಲ್‌ಚಂದ್ ಎಂಬ ಎರಡು ಹೆಸರಿಗೆ ಮುಗಿಸುವವರು ಈ ಮೂರನೆಯ ಹೆಸರನ್ನು ಕೈಬಿಡುವುದು ಸರಿಯಲ್ಲ.

ಉತ್ತರಪಾಡಾದ ಕಾರ್ಖಾನೆ ರೈಲುಹಳಿಯ ಪಶ್ಚಿಮಕ್ಕೆ, ಸುಮಾರು 700 ಎಕರೆಯಲ್ಲಿ ಹರಡಿತ್ತು. ಎರಕದ ಮನೆ, ಕುಲುಮೆ, ಯಂತ್ರಶಾಲೆ, ತಗಡನ್ನು ಅಚ್ಚೊತ್ತುವ ಪ್ರೆಸ್ ವಿಭಾಗ, ಜೋಡಣೆ, ಬಣ್ಣ ಎಲ್ಲವೂ ಒಂದೇ ಆವರಣದೊಳಗೆ. ಇಂದಿನ ಕಾರು ಕಂಪನಿಗಳು ನೂರಾರು ಸಣ್ಣ ಕಾರ್ಖಾನೆಗಳಿಂದ ಬಿಡಿಭಾಗ ತರಿಸಿ ಜೋಡಿಸುವ ರೀತಿಗೆ ಇದು ತದ್ವಿರುದ್ಧ. ಇದರ ಪರಿಣಾಮ ಕಾರಿನಲ್ಲಿ ಕಂಡದ್ದಕ್ಕಿಂತ ಊರಿನಲ್ಲಿ ಹೆಚ್ಚು ಕಂಡಿತು. ಎರಕ ಹೊಯ್ಯುವವನಿಂದ ಸೀಟು ಹೊಲಿಯುವವನವರೆಗೆ ಎಲ್ಲರೂ ಒಂದೇ ಗೇಟಿನಲ್ಲಿ ಒಳಹೋಗುವವರು, ಎಲ್ಲರ ಮನೆಗೂ ಸಂಬಳ ಒಂದೇ ಕಡೆಯಿಂದ. ಕೊನ್ನಗರ, ಉತ್ತರಪಾಡಾಗಳ ದಿನಸಿ ಅಂಗಡಿಯ ಸಾಲದ ಪುಸ್ತಕವೂ ಅದೇ ಸಂಬಳದ ದಿನಕ್ಕೆ ಕಟ್ಟುಬಿದ್ದಿತ್ತು. ಬಂಗಾಳದ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ 17ಕ್ಕೆ ಬರುವ ವಿಶ್ವಕರ್ಮ ಪೂಜೆಗೆ ನಮ್ಮಲ್ಲಿ ಆಯುಧಪೂಜೆಗಿರುವ ಸ್ಥಾನವಿದೆ. ಯಂತ್ರಗಳನ್ನು ತೊಳೆದು ಹೂವು ಹಾಕುತ್ತಾರೆ, ಆಕಾಶದ ತುಂಬ ಗಾಳಿಪಟ ಹಾರುತ್ತವೆ. ಕಾರ್ಖಾನೆ ನಿಂತ ಊರಿನಲ್ಲಿ ಹೆಚ್ಚು ಕಾಡುವ ದಿನ ಅದು.

ಇನ್ನು ಕಾರಿನ ಕಡೆಯ ನೆನಪು. ಕನ್ನಡ ನಾಡಿನಲ್ಲಿ ಅಂಬಾಸಿಡರಿಗೆ ಎರಡು ಬಾಳಿತ್ತು. ಒಂದು ವಿಧಾನಸೌಧದ ಬಾಳು: ಬಿಳಿ ಬಣ್ಣ, ಕಿಟಕಿಗೆ ಪರದೆ, ನೆತ್ತಿಯ ಮೇಲೆ ಕೆಂಪು ದೀಪ. ‘ಗೂಟದ ಕಾರು’ ಎಂದೊಡನೆ ಕಣ್ಣಮುಂದೆ ಬರುತ್ತಿದ್ದದ್ದು ಅದೇ. ಇನ್ನೊಂದು ಮಲೆನಾಡು, ಕರಾವಳಿಗಳ ಟ್ಯಾಕ್ಸಿಯ ಬಾಳು. ಹಳೆಯ ಮಾದರಿಗಳಲ್ಲಿ ಗೇರು ಸ್ಟಿಯರಿಂಗ್ ಪಕ್ಕದಲ್ಲೇ ಇರುತ್ತಿದ್ದರಿಂದ ಮುಂದಿನ ಸೀಟು ಉದ್ದದ ಒಂದೇ ಬೆಂಚು. ಅಲ್ಲಿ ಡ್ರೈವರನ್ನೂ ಸೇರಿಸಿ ನಾಲ್ವರು. ಜನ ಹೆಚ್ಚಾದರೆ ಡ್ರೈವರು ಬಾಗಿಲಿಗೆ ಒತ್ತಿಕೊಂಡು ಅರ್ಧ ಆಸನದಲ್ಲೇ ಗಾಡಿ ಓಡಿಸುತ್ತಿದ್ದ. ಬ್ಯಾಟರಿ ಇಳಿದಿದ್ದರೆ ಡಿಕ್ಕಿಯಿಂದ ಕಬ್ಬಿಣದ ಹ್ಯಾಂಡಲ್ ತೆಗೆದು, ಮುಂದಿನ ಬಂಪರಿನ ತೂತಿಗೆ ತೂರಿಸಿ, ಕೈಯಲ್ಲೇ ತಿರುಗಿಸಿ ಎಂಜಿನ್ನಿಗೆ ಜೀವ ಕೊಡಬೇಕಿತ್ತು. ಹೆಬ್ಬೆರಳನ್ನು ಬೇರೆ ಬೆರಳುಗಳ ಜೊತೆಗೇ ಇಟ್ಟು ಹಿಡಿಯಬೇಕು. ಎದುರು ಸುತ್ತಿ ಹಿಡಿದವನಿಗೆ ಹ್ಯಾಂಡಲ್ ತಿರುಗಿ ಬಡಿದರೆ ಮಣಿಕಟ್ಟು ಹೋದಂತೆ. ಆಗುಂಬೆ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಾನೆಟ್ ಎತ್ತಿ ನಿಲ್ಲಿಸಿ ರೇಡಿಯೇಟರಿಗೆ ನೀರು ಹೊಯ್ಯುವುದು ಪ್ರಯಾಣದ ಭಾಗವೇ ಆಗಿತ್ತು. ರಿಪೇರಿಗೆ ಕಂಪನಿಯ ಗ್ಯಾರೇಜು ಬೇಕಿರಲಿಲ್ಲ. ಕಾರ್ಬುರೇಟರ್ ಬಿಚ್ಚಿ ಊದುವುದು ತೀರ್ಥಹಳ್ಳಿಯ ಮೆಕ್ಯಾನಿಕ್ಕಿಗೂ ಗೊತ್ತು, ಸುಳ್ಯದವನಿಗೂ ಗೊತ್ತು.

ಈ ನೆನಪುಗಳು ಸುಳ್ಳಲ್ಲ, ಬೆಲೆಯಿಲ್ಲದವೂ ಅಲ್ಲ. ಆದರೆ ಇವುಗಳಿಂದ ಉತ್ತರಪಾಡಾದ ಒಂದು ಪಾಳಿಯ ಕೆಲಸವೂ ನಮಗೆ ತಿಳಿಯುವುದಿಲ್ಲ. ಬಾಗಿಲು ‘ಧಡ್’ ಎಂದು ಹಾಕಿಕೊಳ್ಳುವ ಸದ್ದನ್ನು ಬಣ್ಣಿಸಿದವರು ನೂರಾರು ಮಂದಿ. ಆ ಬಾಗಿಲಿನ ತಗಡು ಒತ್ತಿದ ಪ್ರೆಸ್ಸಿನ ಮುಂದೆ ನಿಂತವನ ಮಾತು ಬರಹಕ್ಕೆ ಬಂದದ್ದು ತೀರಾ ಕಡಿಮೆ.

ಇಳಿಗಾಲದ ಕತೆ ಎಲ್ಲರಿಗೂ ಗೊತ್ತಿರುವುದರಿಂದ ಉದ್ದ ಮಾಡುವುದಿಲ್ಲ. ಲೈಸೆನ್ಸ್ ಕಾಲದಲ್ಲಿ ಸ್ಪರ್ಧೆಯಿರಲಿಲ್ಲ, ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಆದರೂ 1980ರ ದಶಕದ ನಡುವೆ ವರ್ಷಕ್ಕೆ ಸುಮಾರು 24,000 ಅಂಬಾಸಿಡರ್‌ಗಳು ಹೊರಬೀಳುತ್ತಿದ್ದವು. 2013-14ರಲ್ಲಿ ಮಾರಾಟವಾದದ್ದು ಸುಮಾರು 2,200. ಬಿಎಸ್-4 ಹೊಗೆ ನಿಯಮ 2010ರ ಏಪ್ರಿಲಿನಿಂದ ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಲ್ಲಿ ಜಾರಿಗೆ ಬಂದಾಗ ಹಳೆಯ ಎಂಜಿನ್ನಿನ ಗಾಡಿಗೆ ಟ್ಯಾಕ್ಸಿ ಮಾರುಕಟ್ಟೆಯೂ ಮುಚ್ಚತೊಡಗಿತು. ನಿಯಮಕ್ಕೆ ಒಗ್ಗುವ ಎನ್‌ಕೋರ್ ಎಂಬ ಮಾದರಿ 2013ರಲ್ಲಿ ಬಂತು, ಹೊತ್ತು ಮೀರಿತ್ತು. ಅದೇ ವರ್ಷ ಬಿಬಿಸಿಯ ಟಾಪ್ ಗೇರ್ ಕಾರ್ಯಕ್ರಮ ಅಂಬಾಸಿಡರನ್ನು ಜಗತ್ತಿನ ಅತ್ಯುತ್ತಮ ಟ್ಯಾಕ್ಸಿ ಎಂದು ಆರಿಸಿತು. ಮಾರಾಟಕ್ಕೆ ಅದರಿಂದ ಏನೂ ಆಗಲಿಲ್ಲ.

2014ರ ಮೇ 24, ಶನಿವಾರ. ಕಾರ್ಖಾನೆಗೆ ಬಂದ ಕಾರ್ಮಿಕರಿಗೆ ಎದುರಾದದ್ದು ‘ಕೆಲಸ ಅಮಾನತು’ ಎಂಬ ನೋಟೀಸು. ಆ ಹೊತ್ತಿಗೆ ಅಲ್ಲಿ ಉಳಿದಿದ್ದವರು ಸುಮಾರು 2,500 ಮಂದಿ. ಎರಡು ದಿನ ಕಳೆದರೆ ದಿಲ್ಲಿಯಲ್ಲಿ ಹೊಸ ಸರ್ಕಾರದ ಪ್ರಮಾಣವಚನ, ದೇಶದ ಕಣ್ಣೆಲ್ಲ ಅಲ್ಲಿತ್ತು. ಸುದ್ದಿಮನೆಗಳು ಕಾರಿನ ಬಗ್ಗೆ ನಾಲ್ಕು ಭಾವುಕ ಸಾಲು ಬರೆದು ಮುಂದೆ ಹೋದವು.

ಆ ನೋಟೀಸು ‘ಮುಚ್ಚಿದ್ದೇವೆ’ ಎನ್ನಲಿಲ್ಲ ಎಂಬುದನ್ನು ಮಾತ್ರ ನಿಂತು ನೋಡಬೇಕು. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 25-ಓ ಕಲಮಿನ ಪ್ರಕಾರ ಇಂಥ ದೊಡ್ಡ ಕಾರ್ಖಾನೆಯನ್ನು ಮುಚ್ಚಬೇಕಾದರೆ 90 ದಿನ ಮುಂಚೆ ಸರ್ಕಾರಕ್ಕೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು, ಪರಿಹಾರ ಕೊಡಬೇಕು. ಕೆಲಸವನ್ನು ಅಮಾನತಿನಲ್ಲಿಡುವುದಕ್ಕೆ ಈ ಗೋಜಿಲ್ಲ. ಹುಗ್ಲಿ ದಂಡೆಯ ಸೆಣಬಿನ ಗಿರಣಿಗಳಲ್ಲಿ ಈ ವಾಡಿಕೆ ದಶಕಗಳಿಂದ ನಡೆದುಬಂದದ್ದು. ಬೀಗ ಬಿದ್ದ ಕಾರ್ಖಾನೆಗಳ ಕಾರ್ಮಿಕರಿಗೆಂದೇ ತಿಂಗಳ ಸಹಾಯಧನದ ಯೋಜನೆಯನ್ನು ಪಶ್ಚಿಮ ಬಂಗಾಳ ಸರ್ಕಾರ ಇಟ್ಟುಕೊಂಡಿದೆ ಎಂದರೆ ಅದೆಷ್ಟು ಮಾಮೂಲಿ ಎಂದು ತಿಳಿಯಬಹುದು. ಇದರಿಂದ ಕಾರ್ಮಿಕನ ಸ್ಥಿತಿ ತ್ರಿಶಂಕುವಿನದು. ಕೆಲಸದಿಂದ ತೆಗೆದಿಲ್ಲವಾದ್ದರಿಂದ ತೆಗೆದವರಿಗೆ ಸಿಗುವ ಪರಿಹಾರವಿಲ್ಲ. ಕೆಲಸ ಇಲ್ಲವಾದ್ದರಿಂದ ಸಂಬಳವಿಲ್ಲ. ಒಂದಷ್ಟು ಜನ ಸ್ವಯಂ ನಿವೃತ್ತಿ ಪಡೆದರು, ಉಳಿದವರು ಕಾದರು.

ನೆನಪಿನ ಅಧ್ಯಯನಕ್ಕೆ ಇದು ಮುಖ್ಯ. ಮುಗಿದದ್ದನ್ನು ನೆನೆಯುವ ಬಗೆ ಬೇರೆ, ಮುಗಿದಿದೆಯೆಂದು ಯಾರೂ ಬರೆದುಕೊಡದೆ ಇರುವುದನ್ನು ನೆನೆಯುವ ಬಗೆ ಬೇರೆ. ಕಾರನ್ನು ಕಳುಹಿಸಿಕೊಟ್ಟವರಿಗೆ ಅದು ಭೂತಕಾಲ. ಗೇಟಿನ ಹೊರಗೆ ಉಳಿದವರಿಗೆ ಅದು ಇತ್ಯರ್ಥವಾಗದ ಕೇಸು. ವಸ್ತುಸಂಗ್ರಹಾಲಯ, ಸ್ಮಾರಕ, ವಾರ್ಷಿಕೋತ್ಸವ ಯಾವುದಕ್ಕೂ ಅಲ್ಲಿ ಆಸ್ಪದವಾಗದಿರಲು ಬಡತನದಷ್ಟೇ ಈ ಇತ್ಯರ್ಥವಿಲ್ಲದ ಸ್ಥಿತಿಯೂ ಕಾರಣವೆಂದು ನಾನು ಭಾವಿಸುತ್ತೇನೆ. ಬದುಕಿದೆಯೋ ಸತ್ತಿದೆಯೋ ಗೊತ್ತಿಲ್ಲದ್ದಕ್ಕೆ ತಿಥಿ ಮಾಡುವವರು ಯಾರು?

ಹೆಸರಿಗೂ ಜಾಗಕ್ಕೂ ನಡುವಿನ ಬಿರುಕು 2017ರಲ್ಲಿ ಕಾಗದದ ಮೇಲೂ ಆಯಿತು. ‘ಅಂಬಾಸಿಡರ್’ ಎಂಬ ಹೆಸರನ್ನು ಫ್ರಾನ್ಸಿನ ಪ್ಯೂಜೊ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು. ಮೈಸೂರಿನವರಿಗೆ ಇದು ಹೊಸ ಕತೆಯಲ್ಲ. ಜಾವಾ, ಯೆಜ್ಡಿ ಬೈಕುಗಳನ್ನು ಮಾಡುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಮೂರೂವರೆ ದಶಕ ನಡೆದು 1996ರಲ್ಲಿ ನಿಂತಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ರಸ್ತೆಗಿಳಿದವು. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ, ಯಾದವಗಿರಿಗೆ ಸಂಬಂಧವಿಲ್ಲ. ಯೆಜ್ಡಿ ಎಂಬ ಹೆಸರು ಯಾರದು ಎಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿಗೂ ಬಂತು. ಹೆಸರಿಗೆ ವಾರಸುದಾರರು ಮುಂದೆ ಬಂದಷ್ಟು ಸುಲಭವಾಗಿ ಊರಿಗೆ ಬರುವುದಿಲ್ಲ.

ಜಮೀನಿನ ಕತೆ ಇನ್ನೂ ಉದ್ದ. ಕಾರ್ಖಾನೆ ನಿಲ್ಲುವುದಕ್ಕೆ ಏಳು ವರ್ಷ ಮುಂಚೆ, 2007ರಲ್ಲಿ, ಆವರಣದ 314 ಎಕರೆ ಹೆಚ್ಚುವರಿ ಜಾಗ 285 ಕೋಟಿ ರೂಪಾಯಿಗೆ ಮಾರಾಟವಾಯಿತು. ಬಂದ ಹಣದಿಂದ ಕಾರ್ಖಾನೆಗೆ ಚೈತನ್ಯ ತುಂಬಬೇಕೆಂಬುದು ಘೋಷಿತ ಉದ್ದೇಶ. ಕೊಂಡವರು ಬೆಂಗಳೂರಿನಲ್ಲಿ ಮುಖ್ಯ ಕಚೇರಿಯಿರುವ ಶ್ರೀರಾಮ್ ಪ್ರಾಪರ್ಟೀಸ್. ಈಗ ಅಲ್ಲಿ ಬಹುಮಹಡಿ ವಸತಿ ಎದ್ದಿದೆ. ಉಳಿದ ಸುಮಾರು 395 ಎಕರೆಯನ್ನು ಬಳಕೆಯಾಗದ ಭೂಮಿಯೆಂದು ರಾಜ್ಯ ಸರ್ಕಾರ 2022ರಲ್ಲಿ ಹಿಂದಕ್ಕೆ ಪಡೆಯಿತು. ಕಂಪನಿ ಪ್ರಶ್ನಿಸಿತು, 2025ರಲ್ಲಿ ಕಲ್ಕತ್ತಾ ಹೈಕೋರ್ಟ್ ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಜಮೀನ್ದಾರಿ ರದ್ದಾದಾಗ ಬಂದ 1953ರ ಎಸ್ಟೇಟ್ ಸ್ವಾಧೀನ ಕಾಯ್ದೆ ಈ ವ್ಯಾಜ್ಯದ ನಡುಗಂಬ. ಕಾರ್ಖಾನೆಗೆ ಬೇಕಾದಷ್ಟು ಭೂಮಿಯನ್ನು ಕಾರ್ಖಾನೆ ಇಟ್ಟುಕೊಳ್ಳಬಹುದು ಎಂದು ಆ ಕಾಯ್ದೆ ಅಂದು ಬಿಟ್ಟುಕೊಟ್ಟಿತ್ತು. ಕಾರ್ಖಾನೆಯೇ ನಡೆಯದಿದ್ದರೆ ಬೇಕಾದದ್ದೆಷ್ಟು ಎಂಬ ಪ್ರಶ್ನೆ ಆರು ದಶಕದ ಮೇಲೆ ಎದ್ದಿತು.

ಇದೇ ಹುಗ್ಲಿ ಜಿಲ್ಲೆಯಲ್ಲೇ ಸಿಂಗೂರು ಇದೆ. ಟಾಟಾ ನ್ಯಾನೊಗಾಗಿ 2006ರಲ್ಲಿ 997 ಎಕರೆ ಸ್ವಾಧೀನವಾಗಿ, ರೈತರ ಹೋರಾಟ ನಡೆದು, 2008ರಲ್ಲಿ ಟಾಟಾ ಗುಜರಾತಿನ ಸಾನಂದಕ್ಕೆ ಹೋಯಿತು. ಕಾರೊಂದೂ ಹೊರಬರದ ಸಿಂಗೂರಿನ ಬಗ್ಗೆ ಪುಸ್ತಕಗಳೇ ಬಂದಿವೆ, ಸರ್ಕಾರ ಬದಲಾಗಲು ಅದೂ ಒಂದು ಕಾರಣವಾಯಿತು. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಕಾರು ಮಾಡಿದ ಹಿಂದ್‌ಮೋಟರಿನ ಬಗ್ಗೆ ಅದರ ಒಂದು ಪಾಲೂ ಇಲ್ಲ. ರೈತನ ನೆಲದ ನಷ್ಟಕ್ಕೆ ನಮ್ಮಲ್ಲಿ ಭಾಷೆಯಿದೆ, ಕಾರ್ಮಿಕನ ಯಂತ್ರದ ನಷ್ಟಕ್ಕೆ ಅಷ್ಟಿಲ್ಲ ಎಂದು ಇದಕ್ಕೆ ಕಾರಣ ಹೇಳಬಹುದೇನೋ.

ಹಿಂದಕ್ಕೆ ಪಡೆದ ಭೂಮಿಯಲ್ಲಿ 40 ಎಕರೆಯನ್ನು ಉತ್ತರಪಾಡಾದಲ್ಲೇ ರೈಲು ಬೋಗಿ ತಯಾರಿಸುವ ಟಿಟಾಗಢ ರೈಲ್ ಸಿಸ್ಟಮ್ಸ್‌ಗೆ ಕೊಡಲು ರಾಜ್ಯ ಸಂಪುಟ 2025ರಲ್ಲಿ ಒಪ್ಪಿತು. ಇದೇ ಕಂಪನಿಯ ಉತ್ತರಪಾಡಾ ಘಟಕದಿಂದ 2025ರ ಜನವರಿಯಲ್ಲಿ ಹೊರಟ ರೈಲು ಬೆಂಗಳೂರಿಗೆ ಬಂತು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ನಮ್ಮ ಮೆಟ್ರೊ ಹಳದಿ ಮಾರ್ಗ ಅದೇ ವರ್ಷದ ಆಗಸ್ಟ್ 10ರಂದು ತೆರೆಯಿತು. ಅಂಬಾಸಿಡರ್ ಹೋಯಿತು, ಮೆಟ್ರೊ ಬಂತು ಎಂದು ಇದನ್ನು ಸುಲಭದ ಪ್ರಗತಿಯ ಕತೆಯಾಗಿ ಹೇಳಲು ನನಗೆ ಮನಸ್ಸಿಲ್ಲ. 395ರಲ್ಲಿ 40 ಎಕರೆ ಹತ್ತರಲ್ಲೊಂದು ಪಾಲು. ಆದರೂ ಉತ್ತರಪಾಡಾ ಬರೀ ಹಾಳುಬಿದ್ದ ಕೈಗಾರಿಕಾ ಊರು ಎಂಬ ಚಿತ್ರವನ್ನು ಇದು ತಿದ್ದುತ್ತದೆ.

ಕೋಲ್ಕತ್ತದ ಹಳದಿ ಟ್ಯಾಕ್ಸಿಗಳು ಈ ಕಾರ್ಖಾನೆಯ ಓಡಾಡುವ ಗುರುತುಗಳು. ಆ ನಗರದಲ್ಲಿ ಬಾಡಿಗೆ ವಾಹನಕ್ಕೆ 15 ವರ್ಷದ ಮಿತಿಯಿದೆ. ಹೆಚ್ಚಿನವು ಈಗಾಗಲೇ ಗುಜರಿಗೆ ಹೋಗಿವೆ. ಕೊನೆಯ ವರ್ಷ ತಯಾರಾದ ಗಾಡಿಗಳ ಅವಧಿಯೂ ಈ ಮಿತಿಯಂತೆ 2029ಕ್ಕೆ ಮುಗಿಯುತ್ತದೆ. ಅಲ್ಲಿಗೆ ಈ ಗುರುತು ಅಳಿಯುವುದು ನಿಶ್ಚಿತ. ರೈಲು ನಿಲ್ದಾಣದ ಹೆಸರಿಗೆ ಅಂಥ ಗಡುವಿಲ್ಲ. ಬೆಂಗಳೂರಿನಲ್ಲೂ ಎನ್‌ಜಿಇಎಫ್ ಮುಚ್ಚಿ ಎರಡು ದಶಕ ಕಳೆದರೂ ಎನ್‌ಜಿಇಎಫ್ ಲೇಔಟ್ ಇದೆ, ಮೈಕೊ ಕಂಪನಿ ಬಾಷ್ ಆದರೂ ಮೈಕೊ ಲೇಔಟ್ ಇದೆ, ಬಿನ್ನಿ ಮಿಲ್ ಹೋದರೂ ಬಿನ್ನಿಪೇಟೆ ಇದೆ. ಅಲ್ಲಿ ಮನೆ ಹುಡುಕುವ ಹೊಸಬರಲ್ಲಿ ಎಷ್ಟು ಮಂದಿಗೆ ಆ ಅಕ್ಷರಗಳ ಹಿಂದಿನ ಕಾರ್ಖಾನೆ ಗೊತ್ತು?

ಹೆಸರು ತಾನಾಗಿ ಉಳಿಯುತ್ತದೆ, ಕಾಗದ ಉಳಿಯುವುದಿಲ್ಲ. ಎನ್‌ಜಿಇಎಫ್, ಎಚ್‌ಎಂಟಿ ಗಡಿಯಾರ ಕಾರ್ಖಾನೆ, ಬಿನ್ನಿ ಮಿಲ್, ಮೈಸೂರಿನ ಜಾವಾ ಇಲ್ಲೆಲ್ಲ ದುಡಿದವರ ಮನೆಗಳಲ್ಲಿ ಗೇಟ್ ಪಾಸು, ಸಂಬಳದ ಚೀಟಿ, ಕ್ಯಾಂಟೀನ್ ಕೂಪನ್ನು, ಕಾರ್ಮಿಕ ಸಂಘದ ಕರಪತ್ರ, ವಿಭಾಗದವರೆಲ್ಲ ಸೇರಿ ತೆಗೆಸಿಕೊಂಡ ಫೋಟೊ ಇನ್ನೂ ಟ್ರಂಕಿನ ತಳದಲ್ಲಿ ಇರುತ್ತವೆ. ಹಳೇ ಪೇಪರಿನವನಿಗೆ ಹಾಕುವ ಮುಂಚೆ ಅವನ್ನು ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ಕರ್ನಾಟಕ ರಾಜ್ಯ ಪತ್ರಾಗಾರಕ್ಕೋ ತೋರಿಸಬೇಕೆಂದು ಓದುಗರಲ್ಲಿ ನನ್ನ ವಿನಂತಿ. ಫೋಟೊ ಇದ್ದರೆ ಹಿಂಬದಿಯಲ್ಲಿ ಇಸವಿ, ವಿಭಾಗ, ನಿಂತವರ ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದಿಡಿ. ಗೊತ್ತಿರುವವರು ಇರುವಾಗಲೇ ಕೇಳಿ ಬರೆಯಿರಿ.